ಹೂ ಮುಗಿದ ಮೇಲೆ ಕಲಾಂಚೋ

ಕೇಳುಗರಿಗೆ ನಮಸ್ಕಾರ.

ಚಳಿಗಾಲದಲ್ಲಿ ನರ್ಸರಿ ಮುಂದೆ ಹಾದುಹೋದರೆ ಕೆಂಪು, ಹಳದಿ, ಕೇಸರಿ ಹೂಗೊಂಚಲು ಹೊತ್ತ ಪುಟ್ಟ ಕುಂಡಗಳು ಕಣ್ಣಿಗೆ ಬೀಳುತ್ತವಲ್ಲ, ಅದೇ ಕಲಾಂಚೋ. ಮಡಗಾಸ್ಕರ್ ದ್ವೀಪದ ಗಿಡ, ನಮ್ಮ ಕಾಡುಬಸಳೆಯ ನೆಂಟ. ದಪ್ಪ ಎಲೆಯಲ್ಲೇ ನೀರು ಕೂಡಿಟ್ಟುಕೊಳ್ಳುತ್ತದೆ. ಆಸೆಯಿಂದ ಮನೆಗೆ ತರುತ್ತೇವೆ. ಹೂ ಒಣಗಿದ ಕೂಡಲೇ ಮೂಲೆಗೆ ತಳ್ಳಿಬಿಡುತ್ತೇವೆ. ನನಗೆ ಬೇಜಾರಾಗುವುದು ಅದಕ್ಕೇ. ಗಿಡ ಸತ್ತಿಲ್ಲ, ದಣಿದಿದೆ ಅಷ್ಟೇ.

ಹೂವಿದ್ದಾಗ ಮಣ್ಣಿಗೆ ಬೆರಳಿಳಿಸಿ ನೋಡಿ. ಒಣಗಿದ್ದರೆ ಮಾತ್ರ ಬುಡಕ್ಕೆ ನೀರು ಹಾಕಿ, ತಳದ ತೂತಿನಿಂದ ಹರಿದು ಹೋಗಲಿ. ಹೂವಿನ ಮೇಲೆ ಚಿಮುಕಿಸಬೇಡಿ, ಕೊಳೆಯುತ್ತದೆ. ದಂಟಿನ ಕವಲಲ್ಲಿ ಬಿಳಿ ಹತ್ತಿಯಂಥದ್ದು ಕಂಡರೆ ಅದು ಹಿಟ್ಟು ತಿಗಣೆ. ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿಬಿಡಿ.

ಹೂ ಬಾಡಿದ ಮೇಲೆ ದಂಟನ್ನು ಕೆಳಗಿನ ಒಳ್ಳೆ ಎಲೆಜೋಡಿಯವರೆಗೆ ಕತ್ತರಿಸಿ. ಕೈ ಹಿಂಜರಿಯುತ್ತದೆ, ಗೊತ್ತು. ಆದರೆ ಹೊಸ ಚಿಗುರು ಬರುವುದು ಆ ಎಲೆಯ ಕಂಕುಳಿಂದಲೇ. ಕೆಲವು ವಾರ ನೀರು ಕಡಿಮೆ ಮಾಡಿ. ಚಿಗುರು ಕಂಡಾಗ ಮರಳು ಬೆರೆಸಿದ ಮಣ್ಣು, ಸ್ವಲ್ಪ ಎರೆಗೊಬ್ಬರ ಕೊಡಿ.

ಹಾಗಂತ ಎಲ್ಲ ಗಿಡಕ್ಕೂ ಇದೇ ಮಾತು ಹೇಳಲಾಗದು. ಹೊಲದ ಬೇಲಿಯ ಕತ್ತಾಳೆ ವರ್ಷಗಟ್ಟಲೆ ಕಾದು ಒಮ್ಮೆ ಎತ್ತರದ ಹೂದಂಟು ಎತ್ತುತ್ತದೆ, ಆಮೇಲೆ ಸಾಯುತ್ತದೆ. ಅಲ್ಲಿ ನಾವು ಕಾಪಾಡಬೇಕಾದ್ದು ಬುಡದ ಮರಿಗಳನ್ನು.

ಕಲಾಂಚೋ ಮತ್ತೆ ಹೂ ಬಿಡಬೇಕಾದರೆ ಅದಕ್ಕೆ ಉದ್ದನೆಯ ಕತ್ತಲೆ ಬೇಕು. ಇದು ನನಗೆ ತಿಳಿದದ್ದು ತಡವಾಗಿ. ನಮ್ಮ ಬಾಲ್ಕನಿಯ ಗಿಡ ಎರಡು ವರ್ಷ ಸೊಂಪಾಗಿ ಬೆಳೆಯಿತು, ಒಂದು ಮೊಗ್ಗೂ ಇಲ್ಲ. ಗೊಬ್ಬರ ಹಾಕಿದೆ, ಜಾಗ ಬದಲಿಸಿದೆ, ಊಹೂಂ. ಒಂದು ರಾತ್ರಿ ನೀರು ಕುಡಿಯಲು ಎದ್ದಾಗ ನೋಡಿದೆ: ಬೀದಿದೀಪದ ಬೆಳಕು ನೇರ ಎಲೆಗಳ ಮೇಲೆ ಬಿದ್ದಿತ್ತು. ಪಾಪ, ಅದಕ್ಕೆ ರಾತ್ರಿಯೇ ಆಗುತ್ತಿರಲಿಲ್ಲ.

ಆ ಅಕ್ಟೋಬರ್‌ನಿಂದ ಸಂಜೆ 6ಕ್ಕೆ ರಟ್ಟಿನ ಡಬ್ಬ ಮುಚ್ಚಿ ಬೆಳಗ್ಗೆ 8ಕ್ಕೆ ತೆಗೆಯುತ್ತಾ ಬಂದೆ. ಅಂದರೆ 14 ಗಂಟೆ ಕತ್ತಲೆ, ಸುಮಾರು 6 ವಾರ. ಹಗಲೆಲ್ಲ ಒಳ್ಳೆ ಬೆಳಕು. ಒಂದು ಬೆಳಗ್ಗೆ ಡಬ್ಬ ಎತ್ತಿದರೆ ಎಲೆಗಳ ನಡುವೆ ಸಾಸಿವೆ ಕಾಳಿನಷ್ಟು ಹಸಿರು ಮೊಗ್ಗುಗಳು. ಎಣಿಸಿದೆ, ಹನ್ನೊಂದಿದ್ದವು.

ನಮಸ್ಕಾರ.