ಭಿಕ್ಷೆ ಅಲ್ಲ ಸ್ವಾಮಿ, ಮೆಂಟೆನೆನ್ಸ್!

ನಮಸ್ಕಾರ. ಇವತ್ತು ಬೇರೆ ವಿಷಯ ಇತ್ತು. ಲೈಟು, ಮೈಕು ಎಲ್ಲಾ ರೆಡಿ. ಆಗ ಕಣ್ಣಿಗೆ ಬಿತ್ತು ನೋಡಿ, ಹೋದ ವಾರದ ವಿಡಿಯೋ ಕೆಳಗೆ ಒಂದು ಕಾಮೆಂಟು. "ಕಂಪನಿಯವರು ಟ್ಯಾಕ್ಸ್ ಕಟ್ತಾರೆ, ಕೆಲಸ ಕೊಡ್ತಾರೆ. ಅದರ ಮೇಲೆ ಸಿಎಸ್‌ಆರ್ ಅಂತ ಊರವರಿಗೆಲ್ಲ ಯಾಕೆ ಭಿಕ್ಷೆ ಹಾಕ್ಬೇಕು?"

ಸಿಎಸ್‌ಆರ್ ಅಂದ್ರೆ ಕಾರ್ಪೊರೇಟ್ ಸೋಷಿಯಲ್ ರೆಸ್ಪಾನ್ಸಿಬಿಲಿಟಿ, ಕಂಪನಿಗಳು ಲಾಭದಲ್ಲಿ ಒಂದು ಪಾಲನ್ನ ಸಮಾಜದ ಕೆಲಸಕ್ಕೆ ಖರ್ಚು ಮಾಡೋದು. ಅದು ಭಿಕ್ಷೆ! ಊಟ ಸೇರ್ಲಿಲ್ಲ ನನಗೆ. ಸುಳ್ಳು ಯಾಕೆ ಹೇಳ್ಲಿ, ಊಟ ಮಾಡ್ದೆ, ನಿದ್ದೆ ಬರ್ಲಿಲ್ಲ.

ನೀವು ಅಪಾರ್ಟ್‌ಮೆಂಟಲ್ಲಿ ಇದ್ದೀರಾ? ತಿಂಗಳಾ ತಿಂಗಳಾ ಮೆಂಟೆನೆನ್ಸ್ ಕಟ್ತೀರಿ ತಾನೆ? ಅದನ್ನ ಭಿಕ್ಷೆ ಅಂತೀರಾ? "ಈ ಲಿಫ್ಟಿನ ಗ್ರೀಸು 302ನೇ ಫ್ಲ್ಯಾಟ್‌ನವರ ಕೊಡುಗೆ" ಅಂತ ಬೋರ್ಡ್ ಹಾಕಿಸ್ತೀರಾ? ಇಲ್ಲ. ಯಾಕಂದ್ರೆ ಲಿಫ್ಟ್ ಕೆಟ್ಟರೆ ಮೊಣಕಾಲು ನೋಯೋದು ನಿಮ್ದೇ. ಸಿಎಸ್‌ಆರ್ ಅಂದ್ರೆ ಅಷ್ಟೇ. ಊರಿನ ಮೆಂಟೆನೆನ್ಸ್.

ಕಾನೂನು ಬೇಗ ಹೇಳಿ ಮುಗಿಸ್ತೀನಿ. 2013ರ ಕಂಪನಿ ಕಾಯ್ದೆ, 135ನೇ ಸೆಕ್ಷನ್ನು, ಜಾರಿಗೆ ಬಂದಿದ್ದು 2014ರ ಏಪ್ರಿಲ್ 1ಕ್ಕೆ. ಕಂಪನಿಯ ನಿವ್ವಳ ಮೌಲ್ಯ (ಆಸ್ತಿಯಲ್ಲಿ ಸಾಲ ಕಳೆದು ಉಳಿಯೋದು) 500 ಕೋಟಿ, ಇಲ್ಲಾ ವಹಿವಾಟು 1,000 ಕೋಟಿ, ಇಲ್ಲಾ ನಿವ್ವಳ ಲಾಭ 5 ಕೋಟಿ, ಇದರಲ್ಲಿ ಒಂದು ಮುಟ್ಟಿದ್ರೂ ಸಾಕು. ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 2 ಖರ್ಚು ಮಾಡ್ಬೇಕು. ನೂರು ರೂಪಾಯಿ ಲಾಭಕ್ಕೆ ಎರಡು ರೂಪಾಯಿ! 98 ಜೇಬಲ್ಲೇ ಇದೆ ಸ್ವಾಮಿ, ಅದಕ್ಕೆ ಇಷ್ಟು ಅಳುನಾ?

"ಟ್ಯಾಕ್ಸ್ ಉಳಿಸೋಕೆ ಮಾಡ್ತಾರೆ ಬಿಡಿ" ಅಂತ ಇನ್ನೊಬ್ಬರು. ಅಣ್ಣಾ, ಸಿಎಸ್‌ಆರ್ ದುಡ್ಡನ್ನ ವ್ಯಾಪಾರದ ಖರ್ಚು ಅಂತ ಲೆಕ್ಕದಲ್ಲಿ ಕಳೆಯೋ ಹಾಗಿಲ್ಲ, 2014ರಲ್ಲೇ ಆದಾಯ ತೆರಿಗೆ ಕಾಯ್ದೇಲಿ ಬರೆದಿಟ್ಟಿದಾರೆ. ಮುಂದೆ.

ಈಗ ಅಸಲಿ ಕಥೆ. ಹೋದ ತಿಂಗಳು ನಾನು ಓದಿದ ಸರ್ಕಾರಿ ಶಾಲೆಗೆ ಹೋಗಿದ್ದೆ. ವರಾಂಡದಲ್ಲಿ ಒಂದು ನೀರಿನ ಫಿಲ್ಟರ್. ಯಾವುದೋ ಒಂದು ಕಂಪನಿ ಕೊಟ್ಟಿದ್ದು, ಹೆಸರು ಬೇಡ. ಫಿಲ್ಟರ್ ನನ್ನ ಸೊಂಟದೆತ್ತರ. ಮೇಲಿನ ಬೋರ್ಡ್ ನನ್ನ ಎರಡು ಕೈ ಚಾಚಿದ್ರೂ ಸಾಲದು, ಅಷ್ಟಗಲ! ಲೋಗೋ, ಉದ್ಘಾಟನೆ ಮಾಡಿದವರ ಹೆಸರು, ತಾರೀಖು. ನಲ್ಲಿ ತಿರುಗಿಸಿದೆ. ಸುಯ್ ಅಂತ ಗಾಳಿ ಬಂತು. ಅಡುಗೆ ಮಾಡೋ ಅಕ್ಕ ಪಕ್ಕದ ಪ್ಲಾಸ್ಟಿಕ್ ಡ್ರಮ್ಮು ತೋರಿಸಿ, "ಅದು ಕೆಟ್ಟು ಎರಡು ವರ್ಷ ಆಯ್ತಪ್ಪ, ಬೋರ್ಡ್ ಮಾತ್ರ ಚೆನ್ನಾಗೈತೆ" ಅಂದ್ರು.

ಎರಡು ವರ್ಷ! ಒಳಗಿನ ಕಾರ್ಟ್ರಿಡ್ಜ್ ಒಂದು ಬದಲಾಯಿಸೋರಿಲ್ಲ. ಮಾರ್ಕೆಟಿಂಗ್‌ಗೆ ಅಂತ ಮಾಡೋ ಪ್ರಾಯೋಜಕತ್ವ ಸಿಎಸ್‌ಆರ್ ಅಲ್ಲ ಅಂತ 2021ರ ನಿಯಮದಲ್ಲೇ ಇದೆ. ಬೋರ್ಡ್ ಬರೆಸೋರಿಗೆ ಓದೋಕೆ ಪುರಸೊತ್ತು ಎಲ್ಲಿ? ನೋಡಿ, ದಾನ ಅಂದ್ಕೊಂಡ್ರೆ ಹಿಂಗೇ. ಒಂದು ಸಲ ಕೊಟ್ಟು, ಫೋಟೋ ಹೊಡೆಸ್ಕೊಂಡು, ಶಾಲು ಹೊದಿಸ್ಕೊಂಡು ಹೋಗ್ತಾರೆ. ಮೆಂಟೆನೆನ್ಸ್ ಅಂದ್ಕೊಂಡ್ರೆ ಮುಂದಿನ ತಿಂಗಳೂ ಬರ್ತಾರೆ.

ಅಂದಹಾಗೆ, ಸಬ್‌ಸ್ಕ್ರೈಬ್ ಮಾಡದೇ ನೋಡ್ತಿರೋರು ನೂರಕ್ಕೆ ಎಷ್ಟು ಜನ ಅಂತ ನನಗೆ ಗೊತ್ತು. ನನ್ನದೂ ಮೆಂಟೆನೆನ್ಸ್ ಇದೆ ಕಣ್ರೀ. ಒತ್ತಿ.

"ಕಂಪನಿಗೆ ಇದರಿಂದ ಏನು ಲಾಭ?" ಬೆಂಗಳೂರಿನ ಬೆಳ್ಳಂದೂರಿಗೆ ಬನ್ನಿ. ಸುತ್ತ ಟೆಕ್ ಪಾರ್ಕುಗಳು, ಗಾಜಿನ ಕಟ್ಟಡಗಳು. ನಡುವೆ ಕೆರೆ, ಕೆರೇಲಿ ನೊರೆ. 2018ರ ಜನವರಿಯಲ್ಲಿ ಅದೇ ಕೆರೆಗೆ ಬೆಂಕಿ ಬಿದ್ದು, ಆರಿಸೋಕೆ ಸೇನೆಯವರು ಬಂದ್ರು. ಕೆರೆಗೆ ಬೆಂಕಿ! ಅಜ್ಜಿ ಕಥೇಲೂ ಕೇಳಿರ್ಲಿಲ್ಲ. ಆ ಹೊಗೆ ಗಾಜು ನೋಡಿ ವಾಪಸ್ ಹೋಗುತ್ತಾ? ಮತ್ತೆ 2024ರ ಬೇಸಿಗೆ. ಕುಡಿಯೋ ನೀರಲ್ಲಿ ಕಾರು ತೊಳೆದ್ರೆ 5,000 ದಂಡ ಅಂತ ಜಲಮಂಡಳಿ ಹೇಳಿತ್ತು, ನೆನಪಿದೆಯಾ? ಕೆರೆ ಒಣಗಿ, ಬೋರ್ ಬತ್ತಿದ್ಮೇಲೆ ನಿಮ್ಮ ಐದು ಸ್ಟಾರಿನ ಕ್ಯಾಂಪಸ್ಸೂ ಟ್ಯಾಂಕರ್‌ನವನ ಫೋನಿಗೇ ಕಾಯ್ಬೇಕು. ಆಗ ಬ್ಯಾಲೆನ್ಸ್ ಶೀಟ್ ಹಿಂಡಿದ್ರೆ ನೀರು ಬರುತ್ತಾ?

ಇದಕ್ಕೇ ಹೇಳಿದ್ದು. ಮೆಂಟೆನೆನ್ಸ್!

ಹಳೇ ಕಾಲದವರಿಗೆ ಇದು ಗೊತ್ತಿತ್ತು. ಟಾಟಾದವರು ಜೆಮ್‌ಶೆಡ್‌ಪುರದ ಉಕ್ಕಿನ ಕಾರ್ಖಾನೇಲಿ ಎಂಟು ಗಂಟೆ ಕೆಲಸ ಅಂತ ಮಾಡಿದ್ದು 1912ರಲ್ಲಿ. ಸ್ವಾತಂತ್ರ್ಯ ಬಂದ್ಮೇಲೆ ನಮ್ಮ ಕಾರ್ಖಾನೆ ಕಾಯ್ದೆ ಬಂದಿದ್ದು 1948ರಲ್ಲಿ. ಯಾರೂ ಕೋಲು ಹಿಡಿದು ನಿಂತಿರ್ಲಿಲ್ಲ. ದಣಿದು ಬಿದ್ದವನ ಕೈಲಿ ಉಕ್ಕು ಬರಲ್ಲ ಅನ್ನೋ ವ್ಯಾಪಾರಿ ಬುದ್ಧಿ. "ಅವರು ಟಾಟಾ ಸಾರ್, ನಾವು ಚಿಕ್ಕವರು" ಅಂತೀರಾ? ಚಿಕ್ಕವರಿಗೆ ಈ ಕಾನೂನೇ ಇಲ್ಲ, ಐದು ಕೋಟಿ ಲಾಭ ಮಾಡಿ ಆಮೇಲೆ ಬಡವ ಅನ್ನಿ!

ಇನ್ನೂ ಪಾಯಿಂಟ್ ಬರ್ಕೊಂಡಿದ್ದೆ... ಎಲ್ಲಿ ಹೋಯ್ತು ಹಾಳೆ? ಹೋಗ್ಲಿ ಬಿಡಿ. ಭಿಕ್ಷೆ ಅಲ್ಲ. ಅಲ್ಲ, ಅಲ್ಲ, ಅಲ್ಲ. ಭಿಕ್ಷೆ ಅಂದವರು ಮೊದಲು ಆ ನಲ್ಲಿ ತಿರುಗಿಸಿ ಬನ್ನಿ, ಆಮೇಲೆ ಕಾಮೆಂಟ್ ಹಾಕಿ.

ಹಾಂ, ಆ ಫಿಲ್ಟರ್. ನಮ್ಮ ವೀಕ್ಷಕರ ಗ್ರೂಪಲ್ಲಿ ದುಡ್ಡು ಸೇರಿಸಿ ಕಾರ್ಟ್ರಿಡ್ಜ್ ಹಾಕಿಸಿದ್ವಿ. ನೀರು ಬರ್ತಿದೆ. ನಮ್ಮ ಎಡಿಟರ್ ಹುಡುಗ ಕಿವೀಲಿ ಕೇಳ್ದ, "ಅಣ್ಣ, ನಮ್ಮ ಚಾನೆಲ್ ಸ್ಟಿಕ್ಕರ್ ಒಂದು ಅಂಟಿಸೋಣ್ವಾ?" ಬೈದೆ. ಚೆನ್ನಾಗಿ ಬೈದೆ. ಆಮೇಲೆ ಅಂಟಿಸಿದ್ವಿ. ಚಿಕ್ಕದು ಕಣ್ರೀ, ಹಿಂದಗಡೆ, ಮೂಲೇಲಿ. ಯಾರಿಗೂ ಕಾಣಲ್ಲ. ಕಾಮೆಂಟಲ್ಲಿ ಶುರು ಮಾಡ್ಬೇಡಿ ಈಗ.