ಅಡಿಕೆ ತೋಟಕ್ಕೆ ಐದು ಸಾವಿರದ ಗೆರೆ

ಕೇಳುಗರಿಗೆಲ್ಲ ನಮಸ್ಕಾರ.

ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ ಮೇಷ್ಟ್ರ ಕೆಲಸವೂ ಇದೆ, ಊರಲ್ಲಿ ಚೂರು ಅಡಿಕೆ ತೋಟವೂ ಇದೆ ಅನ್ನುವ ಮನೆಗಳು ಬೇಕಾದಷ್ಟಿವೆ. ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆಯಂತೂ ಕೇಳುವುದೇ ಬೇಡ. ಜುಲೈ ಬಂತೆಂದರೆ ಇವರಿಗೆಲ್ಲ ಆದಾಯ ತೆರಿಗೆ ರಿಟರ್ನಿನ ಚಿಂತೆ.

ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ, ನಿಜ. ಆದರೆ ಅದು ವರ್ಷಕ್ಕೆ 5,000 ರೂಪಾಯಿ ದಾಟಿತೋ, ಸಂಬಳದಾರರ ಸುಲಭದ ನಮೂನೆ ಐಟಿಆರ್-1 ಕೈತಪ್ಪಿತು. ಉದ್ದದ ಐಟಿಆರ್-2 ತುಂಬಬೇಕು. ಸಂಬಳ ತೆರಿಗೆಯ ಮಿತಿ ಮೀರಿದ್ದರೆ ತೋಟದ ಆದಾಯವನ್ನೂ ಅದಕ್ಕೆ ಕೂಡಿಸಿ ತೆರಿಗೆ ಲೆಕ್ಕ ಹಾಕಬೇಕು, ಆಮೇಲೆ ಆ ತೆರಿಗೆಯಲ್ಲಿ ಒಂದಷ್ಟು ಕಳೆಯಬೇಕು. ತೆರಿಗೆ ಇಲ್ಲ ಅಂದಮೇಲೆ ಇದೆಲ್ಲ ಯಾಕೆ ಅಂತ ಅನ್ನಿಸುತ್ತೆ, ಅಲ್ವಾ? ತೋಟದ ಆದಾಯ 5 ಲಕ್ಷ ಮೀರಿದರೆ ಇನ್ನೂ ಜಾಸ್ತಿ. ಯಾವ ಜಿಲ್ಲೆ, ಪಿನ್‌ಕೋಡ್ ಏನು, ಎಷ್ಟು ಎಕರೆ, ಸ್ವಂತದ್ದೋ ಗೇಣಿಯದ್ದೋ, ನೀರಾವರಿಯೋ ಮಳೆ ನಂಬಿದ್ದೋ, ಎಲ್ಲ ಬರೆಯಬೇಕು.

ಅಷ್ಟು ಆದಾಯ ಇದ್ದವರನ್ನು ಕೇಳಲಿ, ಬೇಡ ಅನ್ನುವುದಿಲ್ಲ. ನನ್ನ ತಕರಾರು ಆ 5,000ದ ಬಗ್ಗೆ. ರಾಶಿ ಅನ್ನುವ ಕೆಂಪಡಿಕೆಗೆ ಕ್ವಿಂಟಲ್‌ಗೆ 50,000 ಅಂತ ಹಿಡಿದರೂ ಅದು ಬರೀ ಹತ್ತು ಕೆಜಿ. ಒಂದು ಚೀಲವೂ ತುಂಬದು! ಇಷ್ಟಕ್ಕೆ ಮೇಷ್ಟ್ರು ದುಡ್ಡು ಕೊಟ್ಟು ಆಡಿಟರ್ ಹತ್ತಿರ ಹೋಗಬೇಕೇ? ಪ್ರಾಮಾಣಿಕವಾಗಿ ಬರೆಯುವವರಿಗೇ ಕಷ್ಟ ಕೊಡುವ ನಿಯಮ ಇದು.

ಸುಧಾರಣೆ ಆಗಿಲ್ಲ ಅಂತಲ್ಲ. 1961ರ ಕಾಯ್ದೆ ಹೋಗಿ, 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದೆ. 819 ಸೆಕ್ಷನ್‌ಗಳು 536ಕ್ಕೆ ಇಳಿದಿವೆ. ಆದಾಯ ಗಳಿಸಿದ್ದು ‘ಹಿಂದಿನ ವರ್ಷ’, ಅದಕ್ಕೆ ತೆರಿಗೆ ಲೆಕ್ಕ ಹಾಕುವುದು ‘ನಿರ್ಧರಣಾ ವರ್ಷ’ ಅನ್ನುವ ಗೊಂದಲ ಹೋಗಿ ‘ತೆರಿಗೆ ವರ್ಷ’ ಒಂದೇ ಉಳಿದಿದೆ. ಇದು ನಿಜಕ್ಕೂ ಒಳ್ಳೆಯದು. ಆದರೆ ಕಾಯ್ದೆ ಪುಸ್ತಕ ತೆಳ್ಳಗಾದರೆ ಸಾಲದು, ಮೇಷ್ಟ್ರು ತುಂಬುವ ನಮೂನೆಯೂ ಹಗುರಾಗಬೇಕು.

ಅದು ಆಗದ ಕೆಲಸವೇನಲ್ಲ. ಷೇರಿನ ದೀರ್ಘಾವಧಿ ಲಾಭ 1.25 ಲಕ್ಷದೊಳಗಿದ್ದರೆ ಐಟಿಆರ್-1 ಸಾಕು ಅಂತ 2025ರಲ್ಲಿ ಸಡಿಲಿಸಿದರು. ಷೇರಿಗೆ ಸಿಕ್ಕಿದ್ದು ಅಡಿಕೆಗೂ, ಭತ್ತಕ್ಕೂ ಸಿಗಲಿ. ಆ ನಮೂನೆಯಲ್ಲಿ ಕೃಷಿ ಆದಾಯಕ್ಕೆ ಜಾಗ ಈಗಾಗಲೇ ಇದೆ, ಮಿತಿ ಏರಿಸಬೇಕು ಅಷ್ಟೇ. ಬಜೆಟ್‌ಗೆ ಮುಂಚೆ ಕೇಂದ್ರ ಸರ್ಕಾರ ಜನರಿಂದ ಸಲಹೆ ಕೇಳುತ್ತದೆ. ನಮ್ಮ ಬೆಳೆಗಾರರ ಸಂಘಗಳು, ಶಿಕ್ಷಕರ ಸಂಘಗಳು ಈ ಸಲ ಇದೊಂದನ್ನು ಒಟ್ಟಾಗಿ ಬರೆದು ಕಳಿಸಲಿ. ನಮ್ಮ ಸಂಸದರ ಕೈಗೂ ಒಂದು ಪ್ರತಿ ಕೊಡಲಿ.

ನಮಸ್ಕಾರ.