ಮಕ್ಕಳ ಮುಖ ಕಾಣದ ಕ್ಲಾಸು: ಮೊಬೈಲಿನಲ್ಲಿ ಪಾಠ ರೆಕಾರ್ಡ್ ಮಾಡುವುದು ಹೇಗೆ?

[ತೆರೆಯ ಮೇಲೆ: ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿ, ಒಂದು ಚಪ್ಪಾಳೆ, ಅದರ ಪ್ರತಿಧ್ವನಿ]

ನಮಸ್ಕಾರ್ರಿ ಮಾಸ್ತರರೇ, ಅಕ್ಕೋರೇ.

ಕ್ಲಾಸಿನಲ್ಲಿ ಹಿಂದಿನ ಬೆಂಚಿನ ಹುಡುಗ ಹುಬ್ಬು ಗಂಟಿಕ್ಕಿದರೆ ಸಾಕು, ಪಾಠ ಎಲ್ಲಿ ತಪ್ಪಿತು ಅಂತ ನಿಮಗೆ ತಿಳಿಯುತ್ತದೆ. ಅಲ್ಲೇ ನಿಂತು ಇನ್ನೊಮ್ಮೆ ಹೇಳುತ್ತೀರಿ. ಮೊಬೈಲ್ ಮುಂದೆ ಕೂತಾಗ ಆ ಹುಬ್ಬು ಕಾಣುವುದಿಲ್ಲ. ಅದಕ್ಕೇ ಎಲ್ಲಿ ನಿಲ್ಲಬೇಕು, ಅಲ್ಲಿ ಏನು ಕೇಳಬೇಕು ಅನ್ನೋದನ್ನ ರೆಕಾರ್ಡಿಂಗ್‌ಗೆ ಮೊದಲೇ ಬರೆದಿಟ್ಟುಕೊಳ್ರಿ. ಕ್ಯಾಮೆರಾ, ಮೈಕಿನ ಮಾತು ಆಮೇಲೆ.

ಒಂಬತ್ತನೇ ತರಗತಿಯ ಪ್ರತಿಧ್ವನಿ ಪಾಠವನ್ನೇ ತಗೊಳ್ಳೋಣ. ಎರಡು ಶಬ್ದ ಬೇರೆ ಬೇರೆ ಅಂತ ಕಿವಿಗೆ ಗೊತ್ತಾಗಬೇಕಾದರೆ ನಡುವೆ 0.1 ಸೆಕೆಂಡ್ ಅಂತರ ಬೇಕು. 22 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶಬ್ದದ ವೇಗ ಸೆಕೆಂಡಿಗೆ 344 ಮೀಟರ್. ಅಂದರೆ ಹೋಗಿಬರುವ ದಾರಿ 34.4 ಮೀಟರ್, ಗೋಡೆ ಕನಿಷ್ಠ 17.2 ಮೀಟರ್ ದೂರ. ಗುಮ್ಮಟದೊಳಗೆ ಈ ಕಡೆಯಿಂದ ಆ ಕಡೆಗೆ ಸುಮಾರು 38 ಮೀಟರ್. ಶಬ್ದ ಹೋಗಿ ಬರಲು 0.22 ಸೆಕೆಂಡ್. ವಿಜಯಪುರದ ಮಕ್ಕಳು ಕಿವಿಯಾರೆ ಕೇಳಿದ್ದಕ್ಕೆ ಇಲ್ಲಿ ಲೆಕ್ಕ ಸಿಗುತ್ತದೆ.

[ತೆರೆಯ ಮೇಲೆ: "ಗೋಡೆ 10 ಮೀಟರ್ ದೂರದಲ್ಲಿದೆ. ಚಪ್ಪಾಳೆ ಹೊಡೆದರೆ ಪ್ರತಿಧ್ವನಿ ಕೇಳುತ್ತದೆಯೇ? ಯಾಕೆ?"]

ಇಲ್ಲಿ ನಿಲ್ರಿ. "ವಿಡಿಯೋ ನಿಲ್ಲಿಸಿ, ನೋಟ್‌ಬುಕ್ಕಿನಾಗ ಬರೀರಿ" ಅಂತ ಹೇಳಿ, ಪ್ರಶ್ನೆ ಇರುವ ಹಾಳೆಯನ್ನು 10 ಸೆಕೆಂಡ್ ಹಾಗೇ ತೋರಿಸ್ರಿ. ಈ 10 ಮೀಟರ್ ಅನ್ನೋದನ್ನ ಬೇಕಂತಲೇ ಆರಿಸಿದ್ದು. ಹೋಗಿಬರುವ ದಾರಿ 20 ಮೀಟರ್, ಸಮಯ 0.058 ಸೆಕೆಂಡ್, ಪ್ರತಿಧ್ವನಿ ಕೇಳುವುದಿಲ್ಲ. ಆದರೆ 17.2 ಅನ್ನೋದು ಬರೀ ಗೋಡೆಯ ದೂರ ಅನ್ನೋದು ತಿಳಿಯದ ಮಗು "20 ದೊಡ್ಡದು ಐತ್ರಿ ಸರ, ಕೇಳಸ್ತೈತ್ರಿ" ಅನ್ನುತ್ತದೆ. ಆ ತಪ್ಪು ಉತ್ತರವೇ ನಿಮಗೆ ಬೇಕಾದದ್ದು. ಮಗುವಿನ ಮನಸ್ಸಿನಲ್ಲಿ ಗಂಟು ಎಲ್ಲಿ ಬಿದ್ದಿದೆ ಅಂತ ಅದು ಹೇಳುತ್ತದೆ. "ತಿಳೀತೇನು?" ಅಂತ ಕೇಳಿದರೆ ಎಲ್ಲರೂ "ಹೂಂ ರಿ" ಅಂತಾರೆ, ಅದರಿಂದ ನಿಮಗೇನೂ ಗೊತ್ತಾಗಲ್ಲ.

ಒಂದು ವಿಡಿಯೋಗೆ ಒಂದೇ ವಿಷಯ, ಐದಾರು ನಿಮಿಷ ಸಾಕು. ಎಷ್ಟೋ ಮನೆಗಳಲ್ಲಿ ಇರುವುದು ಒಂದೇ ಮೊಬೈಲು. ಅಪ್ಪ ದ್ರಾಕ್ಷಿ ತೋಟದಿಂದ ಬಂದ ಮೇಲೆ ಅದು ಮಗಳ ಕೈಗೆ ಸಿಗುತ್ತದೆ.

[ತೆರೆಯ ಮೇಲೆ: ಹೋಲ್ಡರ್, ಹಾಳೆ, ಕೈ]

ಈಗ ಕ್ಯಾಮೆರಾ. ಬಗ್ಗುವ ಮೊಬೈಲ್ ಹೋಲ್ಡರನ್ನು ಬರೆಯುವ ಟೇಬಲ್ಲಿಗೇ ಕಚ್ಚಿಸಬೇಡ್ರಿ. ಒಂದೊಂದು ಅಕ್ಷರ ಬರೆದಾಗಲೂ ಟೇಬಲ್ ಅಲುಗಿ ಚಿತ್ರ ನಡುಗುತ್ತದೆ. ಪಕ್ಕದ ಕುರ್ಚಿಗೆ ಕಚ್ಚಿಸ್ರಿ. ಅಡ್ಡ ಇಟ್ಟ ಎ4 ಹಾಳೆಗಿಂತ ಕ್ಯಾಮೆರಾ ಸುಮಾರು 35 ಸೆಂಟಿಮೀಟರ್ ಮೇಲಿರಲಿ. ನೋಡುವ ಮಗುವಿನ ಮೊಬೈಲಿನಲ್ಲಿ ಹಾಳೆ ಅರ್ಧಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಹಾಗಾಗಿ ಸ್ಕೆಚ್ ಪೆನ್ನಿನಲ್ಲಿ ಒಂದೂವರೆ ಸೆಂಟಿಮೀಟರ್ ಎತ್ತರದ ಅಕ್ಷರ, ಹಾಳೆಗೆ ಆರು ಸಾಲು, ಅಷ್ಟೇ.

ರೆಕಾರ್ಡ್ ಒತ್ತುವ ಮೊದಲು ತೆರೆಯ ಮೇಲೆ ಹಾಳೆ ಕಾಣುವ ಜಾಗವನ್ನು ಬೆರಳಿನಿಂದ ಒತ್ತಿ ಹಿಡಿದು ಫೋಕಸ್ ಲಾಕ್ ಮಾಡ್ರಿ. ಇಲ್ಲದಿದ್ದರೆ ಕೈ ಬಂದಾಗೆಲ್ಲ ಕ್ಯಾಮೆರಾ ಕೈಯನ್ನೇ ಹುಡುಕಿ ಅಕ್ಷರ ಮಸುಕಾಗುತ್ತದೆ. ಬಲಗೈಯಲ್ಲಿ ಬರೆಯುವವರಿಗೆ ಕಿಟಕಿ ಎಡಗಡೆ ಇರಲಿ, ಆಗ ಕೈನೆರಳು ಬರೆಯುವ ಜಾಗದ ಮೇಲೆ ಬೀಳಲ್ಲ. ಟ್ಯೂಬ್‌ಲೈಟಿನಲ್ಲಿ ಕಪ್ಪು ಪಟ್ಟಿಗಳು ಹರಿದಾಡಿದರೆ ಅದು 50 ಹರ್ಟ್ಸ್ ಕರೆಂಟಿನ ಮಿಣುಕು. ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ಆ್ಯಂಟಿ ಫ್ಲಿಕರ್ ಇದ್ದರೆ 50 ಹರ್ಟ್ಸ್ ಆರಿಸ್ರಿ. ಇಲ್ಲದಿದ್ದರೆ ಹಗಲು ಬೆಳಕಿನಲ್ಲೇ ಮುಗಿಸೋದು ಒಳ್ಳೇದು.

ಚಿತ್ರ ಸ್ವಲ್ಪ ಮಂಕಾದರೂ ಮಕ್ಕಳು ನೋಡುತ್ತಾರೆ, ದನಿ ಕೆಟ್ಟರೆ ಬಿಟ್ಟುಬಿಡುತ್ತಾರೆ. ಫರಸಿ ಕಲ್ಲಿನ ನೆಲ, ಸಿಮೆಂಟ್ ಗೋಡೆಯ ಖಾಲಿ ಕೋಣೆಯಲ್ಲಿ ಶಬ್ದ 0.1 ಸೆಕೆಂಡಿಗಿಂತ ಬೇಗ ವಾಪಸ್ ಬಂದು ಮಾತಿಗೇ ಅಂಟಿಕೊಳ್ಳುತ್ತದೆ. ಮನೆಯಲ್ಲಿರುವ ಎರಡು ದಪ್ಪ ಕೌದಿ ತಂದು ಒಂದನ್ನು ಎದುರಿನ ಗೋಡೆಗೆ ತೂಗುಹಾಕ್ರಿ, ಇನ್ನೊಂದನ್ನು ನೆಲಕ್ಕೆ ಹಾಸ್ರಿ, ವ್ಯತ್ಯಾಸ ತಕ್ಷಣ ಕೇಳುತ್ತದೆ. ಫ್ಯಾನ್ ಬಂದ್. ಇಯರ್‌ಫೋನ್ ಮೈಕು ಗದ್ದದಿಂದ ಒಂದು ಗೇಣು ಕೆಳಗಿರಲಿ, ಸೀರೆ ಸೆರಗಿಗೋ ಅಂಗಿಯ ಗುಂಡಿಗೋ ಉಜ್ಜಬಾರದು. ಏರೋಪ್ಲೇನ್ ಮೋಡ್ ಹಾಕೋದು ಮರೀಬೇಡ್ರಿ, ನಡುವೆ ಫೋನ್ ಬಂದರೆ ರೆಕಾರ್ಡಿಂಗ್ ನಿಂತುಹೋಗಬಹುದು.

ರೆಸಲ್ಯೂಷನ್ 720ಪಿ ಸಾಕು. ಕಳಿಸುವಾಗ ವಿಡಿಯೋದ ಡೇಟಾವನ್ನು ಸೆಕೆಂಡಿಗೆ 1 ಮೆಗಾಬಿಟ್‌ಗೆ (8 ಮೆಗಾಬಿಟ್ ಅಂದರೆ 1 ಎಂಬಿ) ಇಳಿಸಿದರೆ ನಿಮಿಷಕ್ಕೆ 7.5 ಎಂಬಿ, ಐದು ನಿಮಿಷಕ್ಕೆ 38 ಎಂಬಿ ಹತ್ತಿರ. ಅಷ್ಟೂ ಡೇಟಾ ಇಲ್ಲದ ಮಕ್ಕಳಿಗಾಗಿ ಅದೇ ಪಾಠವನ್ನು ವಾಯ್ಸ್ ನೋಟ್ ಮಾಡಿ, ಹಾಳೆಯ ಒಂದು ಫೋಟೋ ಜೊತೆಗೆ ಕಳಿಸ್ರಿ, ಒಂದೆರಡು ಎಂಬಿಯಲ್ಲಿ ಮುಗಿಯುತ್ತದೆ. ಇದನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ, ದಯವಿಟ್ಟು ಬಿಡಬೇಡ್ರಿ.

ಉತ್ತರವನ್ನು ಗ್ರೂಪಿಗೆ ಹಾಕಲು ಹೇಳಬೇಡ್ರಿ. ಮೊದಲ ಉತ್ತರ ಬಿದ್ದ ಕೂಡಲೇ ಉಳಿದವರು ಅದನ್ನೇ ನಕಲು ಮಾಡುತ್ತಾರೆ. ನಿಮ್ಮ ನಂಬರಿಗೇ ಬರಲಿ, ಅರ್ಧ ನಿಮಿಷದ ವಾಯ್ಸ್ ನೋಟ್, "ಯಾಕೆ" ಅನ್ನೋದರ ಸಮೇತ. ಕೇಳುತ್ತಾ ಕೇಳುತ್ತಾ ಹಾಳೆಯಲ್ಲಿ ಮೂರು ಕಲಂ ಹಾಕ್ರಿ: ಸರಿ, 20 ಮತ್ತು 17.2 ಗೊಂದಲ, ಬೇರೆ ತಪ್ಪು. ಮರುದಿನದ ವಿಡಿಯೋ ಅತಿ ಹೆಚ್ಚು ಗುರುತು ಬಿದ್ದ ತಪ್ಪಿನಿಂದಲೇ ಶುರುವಾಗಲಿ, ಯಾವ ಮಗುವಿನ ಹೆಸರೂ ಎತ್ತದೆ.